ಮೆಷಿನ್ ಉಂಟಲ್ಲ, ಮತ್ತೆಂಥ ನಿಧಾನ?

“ಮೆಷಿನ್ ಉಂಟಲ್ಲ ಮಾರಾಯ, ಮತ್ತೆಂಥ ಇಷ್ಟು ನಿಧಾನ?”

ಈ ಸೋಮವಾರ ಕುಂಬಳೆ ಹತ್ತಿರದ ಒಂದು ಶೆಡ್ಡಿನಲ್ಲಿ ಕಪ್ಪು ಕಾರಿನ ಯಜಮಾನರು ಕೇಳಿದ್ದು. ಪಾಲಿಶ್ ಮಾಡುತ್ತಿದ್ದ ಹುಡುಗ “ಆಯ್ತಣ್ಣ” ಎಂದವನೇ ಕೈಯ ವೇಗವನ್ನು ನಾಲ್ಕು ಪಟ್ಟು ಹೆಚ್ಚಿಸಿದ. ಪ್ರಶ್ನೆಗಿಂತ ಆ “ಆಯ್ತಣ್ಣ” ಇನ್ನೂ ಕಿವಿಯಲ್ಲಿದೆ. ಅಲ್ಲಿಯವರೆಗೆ ಅವನ ಕೈ ಸರಿಯಾಗಿಯೇ ಓಡುತ್ತಿತ್ತು.

ಲೆಕ್ಕ ಕಷ್ಟದ್ದಲ್ಲ. ಗೀರು ತೆಗೆಯುವಾಗ ಕೈ ಸೆಕೆಂಡಿಗೆ ಎರಡೂವರೆ ಸೆಂಟಿಮೀಟರ್ ಸರಿದರೆ ಸಾಕು. ಪ್ಯಾಡಿನ ಅಗಲ ಸುಮಾರು 12.5 ಸೆಂ.ಮೀ. ಅಂದರೆ ಒಂದೊಂದು ಜಾಗವೂ ಪ್ಯಾಡಿನಡಿ ಐದು ಸೆಕೆಂಡು ಇರುತ್ತದೆ. ಡಿಎ ಮೆಷಿನ್, ಅಂದರೆ ಪ್ಯಾಡನ್ನು ತಿರುಗಿಸುತ್ತಲೇ ಅತ್ತಿತ್ತ ಆಡಿಸುವ ಮೆಷಿನ್, ನಿಮಿಷಕ್ಕೆ 4000 ಸಲ ಆಡುತ್ತಿದ್ದರೆ ಆ ಐದು ಸೆಕೆಂಡಿನಲ್ಲಿ ಮುನ್ನೂರು ಚಿಲ್ಲರೆ ತಿಕ್ಕು ಬಿತ್ತು. ಕೈ ಸೆಕೆಂಡಿಗೆ 10 ಸೆಂ.ಮೀ. ಓಡಿದರೆ ಬೀಳುವುದು ಎಂಬತ್ತು ಚಿಲ್ಲರೆ ಮಾತ್ರ. ಯಜಮಾನರು ನಂಬಿದ ಮೆಷಿನ್ ಎರಡೂ ಸಲ ಒಂದೇ ವೇಗದಲ್ಲಿ ಆಡಿದೆ. ಕೆಲಸ ಮಾತ್ರ ಕಾಲು ಭಾಗಕ್ಕೆ ಇಳಿಯಿತು.

ಗೀರು ಹಾಗೇ ಉಳಿಯುವುದಷ್ಟೇ ಅಲ್ಲ. ಕಾಂಪೌಂಡ್ ಎಂದರೆ ಪ್ಯಾಡಿಗೆ ಹಚ್ಚುವ ತಿಕ್ಕುವ ಲೇಪ; ಎಷ್ಟೋ ಕಾಂಪೌಂಡುಗಳ ಹರಳು ತಿಕ್ಕಿದಷ್ಟೂ ನುಣ್ಣಗಾಗುತ್ತಾ ಹೋಗಬೇಕು. ಅವಸರದ ಕೈಯಡಿ ಅದು ಅರ್ಧಕ್ಕೇ ನಿಂತು, ಬಣ್ಣದ ಮೇಲೆ ಮಂಜು ಕೂತ ಹಾಗೆ ಕಾಣುತ್ತದೆ.

ಒಮ್ಮೆಗೆ 45 ಸೆಂ.ಮೀ. ಚೌಕ ಸಾಕು. ಹೊಸ ಪ್ಯಾಡಿಗೆ ಬಟಾಣಿ ಗಾತ್ರದ ನಾಲ್ಕೈದು ಹನಿ ಕಾಂಪೌಂಡ್, ಆಮೇಲಿನ ಚೌಕಗಳಿಗೆ ಮೂರು. ಮೆಷಿನನ್ನು ನಿಧಾನದಲ್ಲಿಟ್ಟು ಮೊದಲು ಹರಡಬೇಕು, ನಂತರ ವೇಗದ ಗುಂಡಿಯನ್ನು 4 ಅಥವಾ 5ಕ್ಕೆ ಏರಿಸಬೇಕು. ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧಕ್ಕೆ ಏರಬೇಕು; ಒಮ್ಮೆ ಅಡ್ಡ, ಒಮ್ಮೆ ಉದ್ದ, ಹೀಗೆ ನಾಲ್ಕರಿಂದ ಆರು ಸುತ್ತು. ಚೌಕಕ್ಕೆ ಏಳೆಂಟು ನಿಮಿಷ ಹಿಡಿದರೆ ದೊಡ್ಡ ಬಾನೆಟ್ಟಿಗೇ ಒಂದು ಗಂಟೆ ಹೋಗುತ್ತದೆ. ಆ ಗಂಟೆಯನ್ನು ಉಳಿಸುವ ಉಪಾಯವಿಲ್ಲ. ಪ್ಯಾಡ್ ಅಂಟುವ ಬ್ಯಾಕಿಂಗ್ ಪ್ಲೇಟಿನ ಬದಿಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಟ್ಟುಕೊಂಡರೆ ಒಳ್ಳೆಯದು. ಗೆರೆ ತಿರುಗುವುದು ನಿಂತರೆ ಒತ್ತಿದ್ದು ಹೆಚ್ಚಾಯಿತು, ಇಲ್ಲವೇ ಪ್ಯಾಡ್ ವಾಲಿತು. ಆಮೇಲೆ ಕೈ ಎಷ್ಟು ನಿಧಾನವಿದ್ದರೂ ಅದು ಬರೀ ನಡುಕ.

ನಿಧಾನಕ್ಕೂ ಮಿತಿ ಉಂಟು. ಬಣ್ಣದ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟ್, ಸಾಮಾನ್ಯವಾಗಿ 35–50 ಮೈಕ್ರಾನ್, ಪತ್ರಿಕೆಯ ಹಾಳೆಗಿಂತ ತೆಳು. ಬಾಗಿಲಿನ ಅಂಚು, ಬಾನೆಟ್ಟಿನ ಏಣುಗಳಲ್ಲಿ ಅದು ಇನ್ನೂ ತೆಳುವಾಗಿರುತ್ತದೆ; ಅಲ್ಲಿಗೆ ಟೇಪ್ ಹಚ್ಚಲೇಬೇಕು. ಪ್ಲಾಸ್ಟಿಕ್ ಬಂಪರ್ ಬಿಸಿಯನ್ನು ಹರಡಿಬಿಡುವುದಿಲ್ಲ, ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಬರೀ ಗಿರಗಿರ ತಿರುಗುವ ರೋಟರಿ ಮೆಷಿನ್ ಹಿಡಿದು ಅಲ್ಲಿ ನಿಂತವರು ಬಣ್ಣ ಸುಟ್ಟುಕೊಂಡದ್ದೇ. ಕೊನೆಯ ಮೆತ್ತನೆ ಪ್ಯಾಡಿನ ಸುತ್ತಿನಲ್ಲಿ ಮೆಷಿನಿನ ಭಾರವೇ ಸಾಕು, ಕೈ ತುಸು ಬೇಗ ಹೋದರೂ ನಡೆಯುತ್ತದೆ.

ಯಜಮಾನರು ಕೆಟ್ಟವರೇನಲ್ಲ. ರಜೆಯಲ್ಲಿ ಗಲ್ಫಿನಿಂದ ಬಂದವರು, ಮನೆಯಲ್ಲಿ ಮದುವೆ, ಹುಡುಗನಿಗೆ ಚಾ ತರಿಸಿಕೊಟ್ಟವರೂ ಅವರೇ. ಆದರೆ ಬಾನೆಟ್ಟಿನ ಮೇಲಿನ ಜೇಡರ ಬಲೆಯಂಥ ಗೀರುಗಳೂ ಅವಸರದವೇ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ 66ರ ಕೆಲಸ ನಡೆದಷ್ಟು ಕಾಲ ಊರಿಡೀ ಕೆಂಪು ಧೂಳು. ಬೆಳಿಗ್ಗೆ ಎದ್ದು ಅದನ್ನು ಒಣಬಟ್ಟೆಯಲ್ಲಿ ಒರೆಸುವುದೆಂದರೆ ಮುರಕಲ್ಲಿನ ಪುಡಿಯಲ್ಲಿ ಕಾರು ಉಜ್ಜಿದ ಹಾಗೆ. ಒಂದು ಬಕೆಟ್ ನೀರು ಸುರಿಯುವಷ್ಟು ಸಮಯ ಇರಲಿಲ್ಲವೇ?

ನನಗೆ ಸಿಟ್ಟು ಬಂದದ್ದು ಶೆಡ್ಡಿನವರ ಮೇಲೆ. ಮಾತು ಅವರ ಕಿವಿಗೂ ಬಿದ್ದಿತ್ತು. “ಅವನ ಕೈ ಸರಿ ಉಂಟು, ನೀವು ನಾಳೆ ಬನ್ನಿ” ಎನ್ನಬೇಕಾದ್ದು ಅವರು. ಹಣ ಎಣಿಸುತ್ತಾ ಸುಮ್ಮನಿದ್ದರು. ನಮ್ಮಲ್ಲಿ ಕೆಲಸ ಕಲಿಯುವ ಮಕ್ಕಳಿಗೆ ವೇಗ ಕಲಿಸುವವರು ಬೇಕಾದಷ್ಟಿದ್ದಾರೆ. ನಿಧಾನವಾಗಿ ಮಾಡುವವನ ಹಿಂದೆ ನಿಲ್ಲುವವರು ಯಾರು? ಬಾಣಲೆ ಹಿಡಿದವನಿಗೂ, ಗಾರೆ ಮೆತ್ತುವವನಿಗೂ ಇದೇ ಪಾಡು. ಹುಡುಗ “ಆಯ್ತಣ್ಣ” ಎನ್ನದೆ ಇನ್ನೇನು ಹೇಳಬೇಕಿತ್ತು, ದಿನಗೂಲಿಯವನು?

ಸಂಜೆ ಕಾರು ಬಿಸಿಲಿಗೆ ಬಂತು. ಬಾನೆಟ್ಟಿನ ಎಡಭಾಗ, ಆ ಮಾತಿಗೆ ಮೊದಲು ಮಾಡಿದ್ದು, ಬಾವಿಯ ನೀರಿನಂತೆ ಕಪ್ಪಗೆ ತಿಳಿಯಾಗಿತ್ತು. ಬಲಭಾಗದಲ್ಲಿ ಸೂರ್ಯನ ಸುತ್ತ ಬಲೆ ಹಾಗೇ ಇತ್ತು. ಯಜಮಾನರು ಎಡಗಡೆ ಬಾಗಿಲು ತೆಗೆದು ಚೀಲ ಇಟ್ಟು, ಹಿಂದಿನಿಂದ ಸುತ್ತಿ ಬಂದು ಕಾರು ಹತ್ತಿದರು. ಬಲಭಾಗವನ್ನೇ ನೋಡುತ್ತಾ ನಿಂತವನು ಹುಡುಗ.