ಯಾರೂ ಬಿಚ್ಚಿ ನೋಡೇ ಇಲ್ವಾ?

ಶನಿವಾರದಿಂದ ಅಮ್ಮನ ಒಂದು ಮಾತು ತಲೆಯಿಂದ ಹೋಗುತ್ತಲೇ ಇಲ್ಲ. "ಇಷ್ಟು ವರ್ಷ ಇದನ್ನ ಯಾರೂ ಬಿಚ್ಚಿ ನೋಡೇ ಇಲ್ವಾ?" ನಾನು ಗೇರ್‌ಬಾಕ್ಸ್ ಆಯಿಲ್ ಬದಲಿಸೋದಕ್ಕೆ ಅಂತ ಕಾರಿನ ಕೆಳಗೆ ಮಲಗಿದ್ದೆ. ಅಮ್ಮ ಪಕ್ಕದಲ್ಲಿ ರಟ್ಟು ಹಾಸಿಕೊಂಡು, ಟಾರ್ಚ್ ಹಿಡಿದು ಕೂತಿದ್ದಳು. ಬೈದಿದ್ದಲ್ಲ, ಆಶ್ಚರ್ಯಕ್ಕೆ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನನ್ನದು 2007ರ ಕೊರೋಲಾ, ಆಟೋಮ್ಯಾಟಿಕ್. ಅಮೆರಿಕದ ಕೊಲಂಬಸ್‌ಗೆ ಬಂದ ಹೊಸದರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಈಗ 1,60,000 ಮೈಲಿ ದಾಟಿದೆ, ಅಂದರೆ ಎರಡೂವರೆ ಲಕ್ಷ ಕಿಲೋಮೀಟರ್‌ಗೂ ಜಾಸ್ತಿ. ಎಂಜಿನ್ ಆಯಿಲ್ ತಪ್ಪದೆ ಬದಲಿಸಿದ್ದೇನೆ. ಗೇರ್‌ಬಾಕ್ಸ್ ಆಯಿಲ್ ಮಾತ್ರ ಒಂದು ಸಲವೂ ಬದಲಿಸಿರಲಿಲ್ಲ. ಈ ಚಳಿಗಾಲದಲ್ಲಿ ಬೆಳಿಗ್ಗೆ ಡ್ರೈವ್‌ಗೆ ಹಾಕಿದರೆ ಕಾರು ಒಂದು ಗಳಿಗೆ ಯೋಚನೆ ಮಾಡಿದಂತೆ ನಿಂತು, ಆಮೇಲೆ ಧಡ್ ಅಂತ ಎಳೆಯೋದಕ್ಕೆ ಶುರು ಮಾಡಿತು.

ಮೊದಲು ಒಂದು ಸರ್ವಿಸ್ ಅಂಗಡಿಗೆ ಹೋಗಿದ್ದೆ. ಕೌಂಟರ್‌ನಲ್ಲಿದ್ದವನು ಬಾನೆಟ್ ಕೂಡ ಎತ್ತಲಿಲ್ಲ. ಎಷ್ಟು ಓಡಿದೆ ಅಂತ ಕೇಳಿದ, ಹೇಳಿದೆ. "ಇಷ್ಟಾದ ಮೇಲೆ ಗೇರ್‌ಬಾಕ್ಸ್ ಆಯಿಲ್ ಮುಟ್ಟಬೇಡಿ. ಮುಟ್ಟಿದರೆ ಕೈಕೊಡುತ್ತೆ. ಓಡುವಷ್ಟು ದಿನ ಓಡಿಸಿ" ಅಂದ. ನಮ್ಮ ಕನ್ನಡ ಬಳಗದ ಒಬ್ಬರು ಅಣ್ಣನಂಥವರು ಕೂಡ ಇದನ್ನೇ ಹೇಳಿದರು. ಅವರ ಪರಿಚಯದವರೊಬ್ಬರು ಆಯಿಲ್ ಬದಲಿಸಿದ ತಿಂಗಳಿಗೇ ಗೇರ್‌ಬಾಕ್ಸ್ ಹೋಯಿತಂತೆ. ಅವರು ತುಂಬ ಒಳ್ಳೆಯವರು, ಕಷ್ಟ ಅಂದರೆ ಮಧ್ಯರಾತ್ರಿ ಬರುತ್ತಾರೆ. ಆದರೆ ತಮ್ಮ ಹೆದರಿಕೆಯನ್ನೇ ಅನುಭವ ಅಂತ ನಾಲ್ಕು ಜನರಿಗೆ ಹಂಚುತ್ತಾರೆ. ಅದು ನನಗೆ ಹಿಡಿಸಲ್ಲ.

ಈ ಹೆದರಿಕೆ ಎಲ್ಲಿಂದ ಬಂತು ಅಂತ ಕೂತು ಯೋಚಿಸಿದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಆಯಿಲ್ ಬರೀ ಜಾರಿಸೋ ಕೆಲಸ ಮಾಡಲ್ಲ. ಒತ್ತಡ ಕೊಟ್ಟು ಗೇರ್ ಬದಲಿಸುವುದೂ ಅದೇ, ಒಳಗಿನ ಶಾಖ ಹೊರಗೆ ಸಾಗಿಸುವುದೂ ಅದೇ. ಕ್ಲಚ್ ಪ್ಲೇಟುಗಳು ಎಷ್ಟು ಮೆತ್ತಗೆ, ಎಷ್ಟು ಗಟ್ಟಿಯಾಗಿ ಹಿಡಿಯಬೇಕು ಅನ್ನುವುದರಲ್ಲೂ ಅದರ ಕೈವಾಡ ಇದೆ. ವರ್ಷಗಟ್ಟಲೆ ಕಾದು ಕಾದು ಅದು ಸೊರಗುತ್ತೆ. ಪ್ಲೇಟು ಸವೆದು ಜಾರೋದಕ್ಕೆ ಶುರುವಾದ ಮೇಲೆ ಜನ ಗಾಬರಿಯಾಗಿ ಆಯಿಲ್ ಬದಲಿಸುತ್ತಾರೆ. ಸವೆದ ಪ್ಲೇಟು ಆಯಿಲ್‌ನಿಂದ ಮತ್ತೆ ಬೆಳೆಯುತ್ತಾ? ತಿಂಗಳಲ್ಲಿ ಗೇರ್‌ಬಾಕ್ಸ್ ನಿಲ್ಲುತ್ತೆ, ಅಪವಾದ ಹೊಸ ಆಯಿಲ್ ತಲೆಗೆ. ಉಸಿರು ನಿಲ್ಲೋ ಹೊತ್ತಿಗೆ ಕರೆಸಿಕೊಂಡ ಡಾಕ್ಟರನ್ನು ದೂರಿದ ಹಾಗೆ. ನನ್ನ ಕಾರು ಇನ್ನೂ ಜಾರುತ್ತಿರಲಿಲ್ಲ. ಅದಕ್ಕೇ ಧೈರ್ಯ ಮಾಡಿದೆ. ಮೆಷಿನ್ ಹಾಕಿ ಹಳೇ ಆಯಿಲನ್ನೆಲ್ಲ ಹೊರಗೆ ತಳ್ಳಿಸೋದು ಬೇಡ, ಎಷ್ಟು ಇಳಿಯುತ್ತೋ ಅಷ್ಟನ್ನೇ ಬದಲಿಸೋಣ ಅಂದುಕೊಂಡೆ.

ಅಮ್ಮ ಅರಸೀಕೆರೆಯಿಂದ ಬಂದು ಮೂರು ವಾರ ಆಗಿತ್ತು. "ಒಬ್ಳೇ ಕೆಳಗೆ ಹೋಗ್ಬೇಡ, ನಾನೂ ಬರ್ತೀನಿ" ಅಂತ ಸ್ವೆಟರ್ ಹಾಕಿಕೊಂಡು ಹೊರಟೇಬಿಟ್ಟಳು. ಜಾಕ್‌ನಲ್ಲಿ ಎತ್ತಿ, ನಾಲ್ಕೂ ಕಡೆ ಸ್ಟ್ಯಾಂಡ್ ಕೊಟ್ಟೆ. ಬರೀ ಜಾಕ್ ನಂಬಿ ಯಾರೂ ಕಾರಿನ ಕೆಳಗೆ ಹೋಗಬಾರದು, ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿಯೇ.

ಡ್ರೈನ್ ಪ್ಲಗ್ ಬಿಚ್ಚಿದೆ. ಹೊಸದಾಗಿದ್ದಾಗ ಈ ಆಯಿಲ್ ಆರತಿ ನೀರಿನ ಹಾಗೆ ಕೆಂಪಗಿರುತ್ತೆ. ಸೋರಿದರೆ ಎಂಜಿನ್ ಆಯಿಲ್ ಅಲ್ಲ, ಇದೇ ಅಂತ ಗೊತ್ತಾಗಲಿ ಅಂತ ಬಣ್ಣ ಹಾಕಿರುತ್ತಾರೆ. ನನ್ನ ಕಾರಿನಿಂದ ಇಳಿದದ್ದು ಕಷಾಯ. ಅಮ್ಮ ತಟ್ಟೆಗೆ ಬೆರಳು ಅದ್ದಿ ಮೂಸಿದಳು. ಊರಲ್ಲಿ ಎಷ್ಟೋ ವರ್ಷ ಚಕ್ಕುಲಿ, ಕೋಡುಬಳೆ ಕರಿದು ಅಂಗಡಿಗಳಿಗೆ ಕೊಟ್ಟವಳು ಅವಳು. ಎಣ್ಣೆ ವಿಷಯದಲ್ಲಿ ಅವಳ ಮೂಗು ಸುಳ್ಳು ಹೇಳಲ್ಲ. "ಸೀದಿಲ್ಲ ಕಣೇ. ಆದ್ರೆ ತುಂಬಾ ಸಲ ಕಾಯ್ಸಿದಾರೆ" ಅಂದಳು. ಸುಟ್ಟ ವಾಸನೆ ಇದೆಯಾ ಇಲ್ವಾ ಅನ್ನೋದೇ ಮೆಕ್ಯಾನಿಕ್‌ಗಳೂ ಮೊದಲು ನೋಡುವ ಗುರುತು.

ಆಮೇಲೆ ಪ್ಯಾನ್, ಅಂದರೆ ಗೇರ್‌ಬಾಕ್ಸ್ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ. ಸುತ್ತಲಿನ ಸಣ್ಣ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಒಂದು ಮೂಲೆ ಮಾತ್ರ ಇಳಿಸಿ, ಉಳಿದ ಆಯಿಲ್ ಸುರಿಸಿಕೊಂಡು ಕೆಳಗಿಳಿಸಿದೆ. ತಳದಲ್ಲಿ ಮ್ಯಾಗ್ನೆಟ್‌ಗಳು. ಕಬ್ಬಿಣದ ಪುಡಿ ಹಿಡಿಯೋದಕ್ಕೆ ಅಂತಲೇ ಇಟ್ಟಿರುತ್ತಾರೆ. ಒಂದೊಂದರ ಮೇಲೂ ದಪ್ಪಗೆ ಕಪ್ಪು ಮೆತ್ತಿಕೊಂಡಿತ್ತು. ಅಮ್ಮ ಒಂದನ್ನು ಕಿತ್ತು ಅಂಗೈಲಿ ಇಟ್ಟುಕೊಂಡಳು. "ಕಾಡಿಗೆ ಥರ ಇದೆ" ಅಂದಳು. ಹರಳೆಣ್ಣೆಯಲ್ಲಿ ಕಲಸಿದ ಮನೆ ಕಾಡಿಗೆ, ಥೇಟ್ ಅದೇ. ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ, "ಮರಳು ತಾಕ್ತಿಲ್ಲ, ನುಣ್ಣಗಿದೆ" ಅಂದಳು. ನನಗೆ ಹೋದ ಜೀವ ಬಂತು. ನುಣ್ಣನೆ ಕಾಡಿಗೆ ಅಂದರೆ ಸಹಜ ಸವೆತ. ಕೈಗೆ ಚೂರು ತಾಕಿದ್ದರೆ ಕಥೆ ಬೇರೆ.

ಆಗ ಕೇಳಿದ್ದು ಆ ಮಾತು. ಮ್ಯಾಗ್ನೆಟ್ ಇನ್ನೂ ಅಂಗೈಲೇ ಇತ್ತು. "ಇಷ್ಟು ವರ್ಷ ಇದನ್ನ ಯಾರೂ ಬಿಚ್ಚಿ ನೋಡೇ ಇಲ್ವಾ?"

"ಓಡ್ತಾ ಇತ್ತಲ್ಲಮ್ಮ" ಅಂದೆ.

ಅಮ್ಮ ಏನೂ ಅನ್ನಲಿಲ್ಲ. ಬಟ್ಟೆ ತಗೊಂಡು ಮ್ಯಾಗ್ನೆಟ್ ಒರೆಸೋದಕ್ಕೆ ಕೂತಳು. ಒಂದಾದ ಮೇಲೊಂದು, ದೇವರ ಪಾತ್ರೆ ಉಜ್ಜೋ ಶ್ರದ್ಧೆಯಲ್ಲಿ.

ಹಳೇ ಫಿಲ್ಟರ್ ಬಿಚ್ಚಿದಾಗ ಇನ್ನೊಂದು ಲೋಟ ಆಯಿಲ್ ತೋಳಿನ ಮೇಲೆ ಇಳಿಯಿತು. ಅದು ತೊಟ್ಟಿಕ್ಕೋದು ನಿಲ್ಲಲಿ ಅಂತ ಕಾಯುವಾಗ ಅಮ್ಮನಿಗೆ ಒಂದು ವಿಷಯ ಹೇಳಿದೆ. ಮೊದಲು ಈ ಆಯಿಲ್‌ಗೆ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. 1970ರ ದಶಕದ ಮೊದಲಲ್ಲಿ ಅಮೆರಿಕ ಅದನ್ನು ನಿಷೇಧಿಸಿದ ಮೇಲೆ ಬೇರೆ ರಾಸಾಯನಿಕ ಹುಡುಕಬೇಕಾಯಿತು. "ಗಾಡಿ ಓಡ್ಸಕ್ಕೆ ತಿಮಿಂಗಿಲ ಕೊಲ್ತಿದ್ರಾ, ಪಾಪ" ಅಂತ ಅಮ್ಮ ಬಹಳ ಹೊತ್ತು ನೊಂದುಕೊಂಡಳು.

ಹೊಸ ಫಿಲ್ಟರ್, ಹೊಸ ಗ್ಯಾಸ್ಕೆಟ್. ಬೋಲ್ಟ್ ಬಿಗಿಯುವಾಗ ಕೈ ಹಗುರ ಇರಬೇಕು. ಇದೇ ಕಾರಿನ ಚಕ್ರದ ನಟ್‌ಗೆ 103 ನ್ಯೂಟನ್ ಮೀಟರ್ ಬಿಗಿತ ಬೇಕು, ಈ ಬೋಲ್ಟಿಗೆ ಹತ್ತಕ್ಕಿಂತ ಕಮ್ಮಿ ಸಾಕು. ಜೋರು ತೋರಿಸಿದರೆ ಬೋಲ್ಟ್ ಕೂರುವ ಅಲ್ಯೂಮಿನಿಯಂ ತೂತಿನ ಮರೆ (ಥ್ರೆಡ್) ಕಿತ್ತು ಹೋಗುತ್ತೆ. ಇಳಿದ ಆಯಿಲನ್ನು ಹಾಲಿನ ಹಳೇ ಕ್ಯಾನ್‌ಗೆ ಸುರಿದು ಅಳೆದೆ. ಮೂರು ಲೀಟರ್ ಚಿಲ್ಲರೆ. ಅಷ್ಟೇ ಹೊಸದನ್ನು, ಆಯಿಲ್ ಮಟ್ಟ ನೋಡುವ ಕಡ್ಡಿ ಇರುತ್ತಲ್ಲ, ಆ ಡಿಪ್‌ಸ್ಟಿಕ್ ತೂತಿನಿಂದ ತುಂಬಿದೆ.

"ಅಷ್ಟೇನಾ ಹಿಡಿಯೋದು?" ಅಮ್ಮ ಕೇಳಿದಳು. ಇಲ್ಲ, ಅರ್ಧಕ್ಕಿಂತ ಜಾಸ್ತಿ, ಎಂಜಿನ್ ಬಲವನ್ನು ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನಲ್ಲಿ, ಮತ್ತೆಲ್ಲೆಲ್ಲೋ ಉಳಿದಿದೆ, ಅದು ಹೀಗೆ ಇಳಿಯಲ್ಲ, ಸ್ವಲ್ಪ ಓಡಿಸಿ ಇನ್ನೆರಡು ಸಲ ಬದಲಿಸಬೇಕು ಅಂದೆ. "ಸರಿ, ಅಕ್ಕಿ ಮೂರು ನೀರಲ್ಲಿ ತೊಳೆದ ಹಾಗೆ" ಅಂದಳು. ಇದಕ್ಕಿಂತ ಸರಿಯಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಕಾರು ಇಳಿಸಿ, ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿ ಹಿಡಿದು, ಲಿವರನ್ನು ಒಂದೊಂದೇ ಗೇರಿಗೆ ತಂದು ಪಾರ್ಕ್‌ಗೆ ವಾಪಸ್ ಹಾಕಿದೆ. ಧಡ್ ಅನ್ನಲಿಲ್ಲ. ಅಮ್ಮನನ್ನು ಕರೆದೆ, ಒಂದು ಸುತ್ತು ಹೋಗಿ ಬರೋಣ, ಬಿಸಿಯಾದ ಮೇಲೆ ಆಯಿಲ್ ಮಟ್ಟ ನೋಡಬೇಕು ಅಂತ.

ಅಮ್ಮ ನೆಲದಿಂದ ಏಳೋದಕ್ಕೆ ಬಂಪರ್ ಹಿಡಿದುಕೊಂಡಳು. ಎರಡು ಸಲ ಪ್ರಯತ್ನಪಟ್ಟು ಎದ್ದಳು. ಕಾರು ಹತ್ತುವಾಗ ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡಳು. ಒಂದು ಚೀಲ ಎತ್ತಿಟ್ಟ ಹಾಗೆ. ಅಷ್ಟು ಸಲೀಸಾಗಿ ಮಾಡಿದಳು ಅಂದರೆ, ಅದು ಇವತ್ತು ನಿನ್ನೆಯದಲ್ಲ.

"ಮಂಡಿ ಎಷ್ಟು ದಿನದಿಂದ ಹೀಗಿದೆ?"

"ಎರಡು ವರ್ಷ ಆಯ್ತೇನೋ."

"ಯಾರಿಗಾದ್ರೂ ತೋರಿಸಿದ್ಯಾ?"

"ನಡೀತಾ ಇದೀನಲ್ಲ" ಅಂದಳು.

ಪ್ರತಿ ಭಾನುವಾರ ಫೋನ್ ಮಾಡುತ್ತೇನೆ ನಾನು. ಹೇಗಿದೀಯಾ ಅಂದರೆ ಚೆನ್ನಾಗಿದೀನಿ ಅನ್ನುತ್ತಾಳೆ. ವಿಡಿಯೋದಲ್ಲಿ ಮುಖ ಕಾಣಿಸುತ್ತೆ, ಮಂಡಿ ಕಾಣಿಸಲ್ಲ. ನಾನೂ ಮುಂದಕ್ಕೆ ಕೇಳಿಲ್ಲ. ಆ ಕೌಂಟರ್‌ನವನ ಮೇಲೆ ವಾರಗಟ್ಟಲೆ ಸಿಟ್ಟಿತ್ತು ನನಗೆ, ಬಾನೆಟ್ ಎತ್ತದೆ ಮಾತಾಡಿದ ಅಂತ. ಆ ಸಿಟ್ಟು ಈಗ ಎಲ್ಲಿ ಹೋಯಿತೋ.

ಅವತ್ತು ರಾತ್ರಿಯೇ ತಮ್ಮನಿಗೆ ಫೋನ್ ಮಾಡಿದೆ. ಅಮ್ಮ ವಾಪಸ್ ಬಂದ ವಾರದಲ್ಲೇ ಹಾಸನದಲ್ಲಿ ಮೂಳೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು ಅಂತ ಹೇಳಿದ್ದೇನೆ. ಅವನೂ ನೋಡಿರಲಿಲ್ಲವಂತೆ, ಒಂದೇ ಮನೆಯಲ್ಲಿದ್ದು. ಅಲ್ಲಿಯವರೆಗೆ ಇಲ್ಲೇ ಒಬ್ಬರಿಗೆ ತೋರಿಸೋಣ ಅಂದರೆ ಅಮ್ಮ ದುಡ್ಡಿನ ಲೆಕ್ಕ ಹಾಕುತ್ತಾಳೆ. ಬಿಡಲ್ಲ ನಾನು. ಗುರುವಾರಕ್ಕೆ ಸಮಯ ತಗೊಂಡಿದ್ದೇನೆ.

ಹಳೇ ಆಯಿಲ್ ಕ್ಯಾನನ್ನು ಬಿಡಿಭಾಗದ ಅಂಗಡಿಗೆ ಕೊಟ್ಟು ಬಂದೆ, ಅವರು ಪುಕ್ಕಟೆ ತಗೊಳ್ಳುತ್ತಾರೆ. ಬರುವ ಶನಿವಾರ ಎರಡನೇ ನೀರು. ಟಾರ್ಚ್ ಹಿಡಿಯೋದಕ್ಕೆ ಅಮ್ಮ ಬರುತ್ತಾಳೆ. ನೆಲಕ್ಕೆ ಕೂರಬಾರದು ಅಂತ ಗರಾಜಿನಲ್ಲಿ ಅವಳಿಗೊಂದು ಎತ್ತರದ ಸ್ಟೂಲ್ ಇಟ್ಟಿದ್ದೇನೆ.