ಮಾಟುಂಗಾದಲ್ಲಿ ಅಮ್ಮನಿಗೆ ಸಿಕ್ಕ ಕಾಫಿ

ಮುಂಬೈಗೆ ಹೋದ ಮೂರನೇ ದಿನ ಅಮ್ಮ ಬೆಳಿಗ್ಗೆಯೇ ಹಣೆಗೆ ಅಮೃತಾಂಜನ ಹಚ್ಚಿಕೊಂಡು ಕೂತಿದ್ದಳು. ಜ್ವರವಿಲ್ಲ, ನೆಗಡಿಯಿಲ್ಲ. ಕಾಫಿ ಇಲ್ಲ, ಅಷ್ಟೇ. ಬೊರಿವಲಿಯ ನನ್ನ ತಮ್ಮನ ಮನೆಯಲ್ಲಿ ಚಹಾದ್ದೇ ರೂಢಿ. ಹಿಂದಿನ ದಿನ ಒಂದು ದೊಡ್ಡ ಹೋಟೆಲಿಗೆ ಹೋಗಿ ಕಾಫಿ ಕೇಳಿದರೆ ಬಿಸಿ ಹಾಲಿಗೆ ಪುಡಿ ಕಲಕಿ ತಂದುಕೊಟ್ಟಿದ್ದರು. ಸಾಗರದಲ್ಲಿ ಐವತ್ತು ವರ್ಷದಿಂದ ಬೆಳಿಗ್ಗೆ ಐದೂವರೆಗೆ ಮೊದಲ ಡಿಕಾಕ್ಷನ್ ಇಳಿಸಿ ಕುಡಿದ ಬಾಯಿ ಅದು, ಒಪ್ಪಲಿಲ್ಲ.

"ಮಾಟುಂಗಾಕ್ಕೆ ಕರ್ಕೊಂಡು ಹೋಗು ಅಕ್ಕಾ, ಅಲ್ಲಿ ಊರಿನ ಹಾಗೇ ಇದೆ" ಅಂದ ತಮ್ಮ.

ಹೋಗುವಾಗ ನಾನು ಒಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಪಶ್ಚಿಮ ರೈಲ್ವೆಯ ಸ್ಟೇಶನ್ನಿನ ಹೆಸರು ಮಾಟುಂಗಾ ರೋಡ್. ನಾವು ಹೋಗಬೇಕಾದ ಹೋಟೆಲುಗಳೆಲ್ಲ ಮಧ್ಯ ರೈಲ್ವೆಯ ಮಾಟುಂಗಾ ಸ್ಟೇಶನ್ನಿನ ಪೂರ್ವಕ್ಕಿವೆ. ಹೆಸರು ನೋಡಿ ಮಾಟುಂಗಾ ರೋಡಿನಲ್ಲಿ ಇಳಿದುಬಿಟ್ಟೆ. ಹಳಿ ದಾಟಿಸುವ ಉದ್ದದ ಝಡ್ ಬ್ರಿಜ್ ಹತ್ತಿ ಇಳಿಯುವಷ್ಟರಲ್ಲಿ ಅಮ್ಮನ ಮಂಡಿ ಸೋತಿತ್ತು. ಮಂಡಿನೋವಿನವರು ಜೊತೆಗಿದ್ದರೆ ದಾದರಿನಲ್ಲಿ ಇಳಿದು ಮಧ್ಯ ರೈಲ್ವೆಯ ಸ್ಲೋ ಲೋಕಲ್ ಹಿಡಿಯಿರಿ, ಮುಂದಿನ ಸ್ಟೇಶನ್ನೇ ಮಾಟುಂಗಾ. ಫಾಸ್ಟ್ ಲೋಕಲ್ ಅಲ್ಲಿ ನಿಲ್ಲುವುದಿಲ್ಲ. ಊರಿಂದ ಮತ್ಸ್ಯಗಂಧ ರೈಲಿನಲ್ಲಿ ಬರುವವರು ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಕುರ್ಲಾಕ್ಕೆ ಬಂದು, ಅಲ್ಲಿಂದ ಸ್ಲೋ ಲೋಕಲ್ಲಿನಲ್ಲಿ ಸಾಯನ್ ದಾಟಿದರೆ ಆಯಿತು.

ಸ್ಟೇಶನ್ನಿನಿಂದ ಹೊರಗೆ ಬಂದ ಕೂಡಲೇ ಹೂವಿನ ಅಂಗಡಿಗಳು. ಮಲ್ಲಿಗೆ, ಕನಕಾಂಬರ, ತುಳಸಿ ಮಾಲೆ, ಪಕ್ಕದಲ್ಲಿ ಬಾಳೆಎಲೆಯ ಕಟ್ಟು. ಅಮ್ಮ ಅಲ್ಲೇ ನಿಂತು ಒಂದು ಮೊಳ ಮಲ್ಲಿಗೆ ಮುಡಿದುಕೊಂಡಳು. ಅಲ್ಲಿಂದ ಕಿಂಗ್ಸ್ ಸರ್ಕಲ್ ಕಡೆಗೆ ನಡೆದರೆ ಭಾವು ದಾಜಿ ರೋಡಿನಲ್ಲಿ ಕೆಫೆ ಮದ್ರಾಸ್. 1940ರಲ್ಲಿ ಗೋಪಾಲ ಕಾಮತರು ಶುರುಮಾಡಿದ್ದು. ಹೆಸರು ಮದ್ರಾಸಿನದಾದರೂ ಕೈ ನಮ್ಮ ಕರಾವಳಿಯದು. ಇದೇ ರಸ್ತೆಯಲ್ಲೇ 1926ರಲ್ಲಿ ಹುಟ್ಟಿದ, ಮುಂಬೈ ಕನ್ನಡಿಗರ ಸಂಘವಾದ ಮೈಸೂರು ಅಸೋಸಿಯೇಶನ್ನೂ ಇದೆ.

ಶನಿವಾರ, ಭಾನುವಾರ ಹೋಗಬೇಡಿ. ಹೊರಗೆ ಹೆಸರು ಬರೆಸಿ ಫುಟ್‌ಪಾತಿನಲ್ಲಿ ನಿಲ್ಲಬೇಕಾಗುತ್ತದೆ. ಸೋಮವಾರ ರಜೆ. ನಾವು ಬುಧವಾರ ಬೆಳಿಗ್ಗೆ ಏಳೂವರೆಗೇ ಒಳಗಿದ್ದೆವು. ಮೇಜು ನಿಮಗೇ ಪೂರ್ತಿ ಬೇಕು ಅಂತ ಬಯಸಬೇಡಿ, ಎದುರಿಗೆ ಯಾರಾದರೂ ಬಂದು ಕೂರುತ್ತಾರೆ.

ಅಮ್ಮ ನನ್ನ ಹತ್ತಿರ ಏನೋ ಹೇಳುತ್ತಿದ್ದದ್ದು ಬಡಿಸುವವರ ಕಿವಿಗೆ ಬಿತ್ತು. "ಯಾವೂರಮ್ಮಾ?" ಅಂತ ಕೇಳಿದರು. "ಸಾಗರ" ಅಂದಳು. "ನಮ್ದು ಕುಂದಾಪುರ. ಕಾಫಿ ಸ್ಟ್ರಾಂಗ್ ಇರ್ಲಾ?" ಅಮ್ಮನ ಮುಖ ಅರಳಿತು. ಮೂರು ದಿನದಿಂದ ಅವಳಿಗೆ ಹೊರಗಿನವರ ಜೊತೆ ಮಾತಾಡಲು ಭಾಷೆಯೇ ಇರಲಿಲ್ಲ. ಹಿಂದಿ ಬರಲಿಲ್ಲವೆಂದು ಅಳುಕಬೇಡಿ, ಇಲ್ಲಿ ಕನ್ನಡದಲ್ಲೇ ಕೇಳಿ ನೋಡಿ.

ಬೆಣ್ಣೆ ಹಾಕಿದ ಪುಡಿ ಇಡ್ಲಿ, ರಸಂ ವಡೆ ತಿಂದೆವು. ಎರಡೂ ಚೆನ್ನಾಗಿದ್ದವು. ಆಮೇಲೆ ಕಾಫಿ ಬಂತು. ಸ್ಟೀಲಿನ ಡಬರಾ, ಒಳಗೆ ಲೋಟ, ಅಂಚಿನವರೆಗೆ ನೊರೆ. ಅಮ್ಮ ಸೆರಗಿನ ತುದಿಯಲ್ಲಿ ಲೋಟ ಹಿಡಿದು ಡಬರಾಕ್ಕೆ ಅರ್ಧ ಸುರಿದಳು, ಮತ್ತೆ ಲೋಟಕ್ಕೆ ಎತ್ತಿ ಹೊಯ್ದಳು, ಮೂಗಿನ ಹತ್ತಿರ ತಂದಳು. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡಳು. ನಾನು ಮಾತಾಡಿಸಲಿಲ್ಲ. ಅರ್ಧ ಆದಮೇಲೆ "ಚಿಕೋರಿ ಹಾಕಿದಾರೆ, ಆದರೆ ಹದ ಗೊತ್ತಿದ್ದವರು" ಅಂದಳು.

ತಿಂಡಿಗೆ ಬದಲು ಊಟದ ಹೊತ್ತಿಗೆ ಬರುವವರು ಸ್ಟೇಶನ್ ಪಕ್ಕದಲ್ಲೇ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿಗೆ ಹೋಗಬಹುದು, 1942ರಿಂದ ಇದೆ, ಬಾಳೆಎಲೆ ಊಟ. ನಮಗೆ ಹೊಟ್ಟೆಯಲ್ಲಿ ಜಾಗವಿರಲಿಲ್ಲ.

ಕಾಫಿಪುಡಿ ಮಾತ್ರ ಬಿಡಬೇಡಿ. ಮೈಸೂರ್ ಕನ್ಸರ್ನ್ಸ್‌ನಂಥ ಹಳೇ ಅಂಗಡಿಗಳು ಇಲ್ಲಿವೆ, ಪರಿಮಳವೇ ದಾರಿ ತೋರಿಸುತ್ತದೆ. ಬರೀ "ಕಾಫಿಪುಡಿ ಕೊಡಿ" ಅಂದರೆ ಸಾಲದು. ಫಿಲ್ಟರಿಗೆ ಅಂತ ಹೇಳಿ, ಚಿಕೋರಿ ಎಷ್ಟು ಬೇಕೆಂದೂ ಹೇಳಿ. ಅಮ್ಮ ಪೀಬೆರಿಯನ್ನೂ ಪ್ಲಾಂಟೇಶನ್ ಬೀಜವನ್ನೂ ಅರ್ಧರ್ಧ ಸೇರಿಸಿ, ನೂರಕ್ಕೆ ಇಪ್ಪತ್ತು ಚಿಕೋರಿ ಹಾಕಿಸಿದಳು. ಪೀಬೆರಿ ಅಂದರೆ ಹಣ್ಣಿನಲ್ಲಿ ಎರಡರ ಬದಲು ಒಂದೇ ಬೀಜ ಕಟ್ಟಿದ್ದು, ಅದಕ್ಕೇ ದುಂಡಗಿರುತ್ತದೆ. ಪ್ಲಾಂಟೇಶನ್ ಅಂದರೆ ತಿರುಳು ತೆಗೆದು ತೊಳೆದು ಒಣಗಿಸಿದ ಅರೇಬಿಕಾ ಬೀಜ. ಚಿಕೋರಿ ಒಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು. ಡಿಕಾಕ್ಷನ್ನಿಗೆ ಬಣ್ಣ, ಮಂದ ಎರಡೂ ಅದರಿಂದ. ಪುಡಿಯನ್ನು ಕಾಲು ಕಿಲೋಕ್ಕಿಂತ ಹೆಚ್ಚು ಒಯ್ಯಬೇಡಿ, ದಿನ ಕಳೆದಂತೆ ಘಮ ಹೋಗುತ್ತದೆ.

ವಾಪಸು ಹತ್ತೂವರೆಯ ಮೇಲೆ ಹೊರಡಿ. ಆ ಹೊತ್ತಿಗೆ ಬೊರಿವಲಿ ಕಡೆಯ ಲೋಕಲ್ಲಿನಲ್ಲಿ ನೂಕುನುಗ್ಗಲು ಕಡಿಮೆ, ವಯಸ್ಸಾದವರಿಗೆ ಕೂರಲು ಜಾಗ ಸಿಗುತ್ತದೆ. ದಾರಿಯಲ್ಲಿ ಅಮ್ಮ ತಮ್ಮನಿಗೆಂದು ಒಂದು ಸ್ಟೀಲ್ ಫಿಲ್ಟರೂ ಕೊಂಡಿದ್ದಳು. ಮರುದಿನ ಬೆಳಿಗ್ಗೆ ಐದೂವರೆಗೆ ಆ ಮನೆಯ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು.