ಅಲಾಸ್ಕದಲ್ಲಿ ಮಲ್ಪೆಯ ವಾಸನೆ

ಜೂನೋದಲ್ಲಿ ಹಡಗು ನಿಂತಾಗ ಜಿಟಿಜಿಟಿ ಮಳೆ. ಸಿಯಾಟಲ್ ಬಿಟ್ಟ ಮೇಲೆ ಬರೀ ತಿಂದು ಮಲಗಿದ್ದ ನಮಗೆ ಕಾಲಿಗೆ ನೆಲ ಸಿಕ್ಕಿದ್ದೇ ದೊಡ್ಡ ಖುಷಿ. ಇದು ಅಲಾಸ್ಕದ ರಾಜಧಾನಿ, ಆದರೆ ಹೊರಗಿನಿಂದ ಇಲ್ಲಿಗೆ ಒಂದು ರಸ್ತೆಯೂ ಇಲ್ಲ. ಬರುವುದಾದರೆ ವಿಮಾನ, ಇಲ್ಲ ಹಡಗು. "ಮತ್ತೆ ಈ ಬಸ್ಸು ಎಲ್ಲಿಂದ ಬಂತಾ?" ಅಂದಳು ಅಮ್ಮ. ಅದೂ ನೀರಿನ ಮೇಲೇ ಬಂದಿರಬೇಕು.

ತಿಮಿಂಗಿಲ ನೋಡುವ ಟಿಕೆಟ್ಟನ್ನು ಹಡಗಿನಲ್ಲೇ ತೆಗೆದುಕೊಂಡಿದ್ದೆ. ದಡದಲ್ಲಿ ಅದಕ್ಕಿಂತ ಕಡಿಮೆಗೆ ಸಿಗುತ್ತಿತ್ತು ಅಂತ ಇಳಿದ ಮೇಲೆ ಗೊತ್ತಾಯಿತು. ಅಮ್ಮನಿಗೆ ಹೇಳಲಿಲ್ಲ, ಸುಮ್ನೆ ಯಾಕೆ.

ಆಕ್ ಬೇ ಅನ್ನುವ ಕಡೆಯಿಂದ ದೋಣಿ ಹೊರಟಿತು. ಗೈಡ್ ಹುಡುಗಿ ಮೈಕು ಹಿಡಿದಳು. ಈ ಹಂಪ್‌ಬ್ಯಾಕ್ ತಿಮಿಂಗಿಲಗಳಲ್ಲಿ ಹೆಚ್ಚಿನವು ಚಳಿಗಾಲಕ್ಕೆ ಹವಾಯಿಗೆ ಹೋಗುತ್ತವಂತೆ. ಹತ್ತಿರ ಹತ್ತಿರ 5,000 ಕಿಲೋಮೀಟರ್. ಮರಿ ಹಾಕುವುದು ಅಲ್ಲಿ. ಆದರೆ ಅಲ್ಲಿ ತಿನ್ನಲು ಹೆಚ್ಚುಕಡಿಮೆ ಏನೂ ಸಿಗುವುದಿಲ್ಲ. ಮೈಯ ಕೊಬ್ಬು ಕರಗಿಸಿಕೊಂಡೇ ಮರಿಗೆ ಹಾಲು ಕೊಟ್ಟು, ಬೇಸಿಗೆಗೆ ಇಲ್ಲಿಗೆ ವಾಪಸ್ ಬಂದು ಹೆರಿಂಗ್ ಮೀನು ತಿನ್ನುತ್ತವೆ. ನಾನು ಕನ್ನಡದಲ್ಲಿ ಹೇಳಿದೆ. ಅಮ್ಮ ಲೊಚಗುಟ್ಟಿದಳು. "ಬಾಣಂತಿಗೆ ಊಟವೇ ಇಲ್ವಾ ಮಾರಾಯ!" ಆಮೇಲೆ ಅವಳ ಲೆಕ್ಕದಲ್ಲಿ ಕಂಡದ್ದೆಲ್ಲ ಬಾಣಂತಿಯೇ.

ಮೊದಲ ಅರ್ಧ ಗಂಟೆ ಏನೂ ಇಲ್ಲ. ದೋಣಿಗಳಿಗೆ ದಾರಿ ತೋರಲು ನೀರಿನಲ್ಲಿ ತೇಲಿಬಿಟ್ಟ ಕೆಂಪು ಬೋಯಾ ಮೇಲೆ ನಾಲ್ಕೈದು ಕಡಲಸಿಂಹಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು, ನಮ್ಮೂರ ಕಟ್ಟೆಯ ಮೇಲೆ ಮಧ್ಯಾಹ್ನ ಒರಗಿದವರ ಹಾಗೆ. ಅಷ್ಟರಲ್ಲಿ ಹುಡುಗಿ "ಹನ್ನೊಂದು ಗಂಟೆಗೆ!" ಅಂತ ಕೂಗಿದಳು. ಅಮ್ಮ ಗಡಿಯಾರ ನೋಡಿಕೊಂಡಳು. "ಈಗ ಎರಡೂವರೆ ಅಲ್ವಾ?" ದೋಣಿಯ ಮೂತಿಯೇ ಹನ್ನೆರಡು, ಅದರ ಸ್ವಲ್ಪ ಎಡಕ್ಕೆ ಹನ್ನೊಂದು ಅಂತ ನಾನು ಬಿಡಿಸಿ ಹೇಳುವಷ್ಟರಲ್ಲಿ ತಿಮಿಂಗಿಲ ಮುಳುಗಿಯಾಗಿತ್ತು.

100 ಗಜಕ್ಕಿಂತ ಹತ್ತಿರ ಹೋಗುವಂತಿಲ್ಲ, ಅಲ್ಲಿ ಅದು ಕಾನೂನು. ನಾವು ದೂರದಲ್ಲೇ ನಿಂತು ಕಾದೆವು. ಐದಾರು ನಿಮಿಷ ಕಳೆಯಿತು. ಎಲ್ಲರೂ ಬಲಗಡೆ ಫೋನು ಹಿಡಿದು ನಿಂತಿದ್ದೆವು. ಅಮ್ಮ ಮಾತ್ರ ಕಾಲುನೋವು ಅಂತ ಎಡಗಡೆಯ ಬೆಂಚಿನಲ್ಲಿ ಕೂತಿದ್ದಳು.

ಅದು ಎದ್ದದ್ದು ಎಡಗಡೆ, ತಾನಾಗಿಯೇ, ದೋಣಿಯ ಪಕ್ಕದಲ್ಲೇ. ಬಸ್ಸಿನ ಏರ್ ಬ್ರೇಕ್ ಬಿಟ್ಟ ಹಾಗೆ 'ಭುಸ್ಸ್' ಅಂತ ಸದ್ದು. ನಾನು ತಿರುಗುವಾಗ ಕಂಡದ್ದು ಕಪ್ಪಗೆ ಹೊಳೆಯುವ ಬೆನ್ನು, ಆಮೇಲೆ ನೀರು ಸುರಿಸುತ್ತ ನಿಧಾನಕ್ಕೆ ಎದ್ದ ಬಾಲ. ಬಾಲದ ಅಡಿಯಲ್ಲಿ ಸುಣ್ಣ ಚೆಲ್ಲಿದಂಥ ಬಿಳಿ ಮಚ್ಚೆ. ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ ಅದು ಒಂದೊಂದಕ್ಕೂ ಬೇರೆ ಬೇರೆ, ಅದನ್ನು ನೋಡಿಯೇ ಗುರುತು ಹಿಡಿಯುತ್ತಾರೆ. ದೋಣಿಯಲ್ಲಿ ಒಬ್ಬರೂ ಮಾತಾಡಲಿಲ್ಲ.

ಆಮೇಲೆ ಬಂತು ವಾಸನೆ. ಅದು ಉಸಿರು ಬಿಟ್ಟಾಗ ಎದ್ದ ಹನಿಗಳನ್ನು ಗಾಳಿ ನೇರ ಅಮ್ಮನ ಮೇಲೆ ತಂದು ಹಾಕಿತ್ತು. ಕೊಳೆತ ಮೀನು, ಅದರ ಜೊತೆ ಇನ್ನೇನೋ. ಹುಟ್ಟಿದಾಗಿನಿಂದ ಮೀನು ಮುಟ್ಟದ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಮಲ್ಪೆ ಬಂದರು ಕಣಾ, ಥೇಟ್ ಮಲ್ಪೆ ಬಂದರು!" ಅಂತ ನಗತೊಡಗಿದಳು.

ನನ್ನ ಫೋನಿನಲ್ಲಿ 64 ಫೋಟೋ ಇದ್ದವು. 61ರಲ್ಲಿ ಬರೀ ನೀರು. ರಾತ್ರಿ ಕ್ಯಾಬಿನ್ನಿನ ಪುಟ್ಟ ಬೇಸಿನ್ನಿನಲ್ಲಿ ಅಮ್ಮ ಶಾಲು ಎರಡು ಸಲ ಒಗೆದಳು. ಬೆಳಿಗ್ಗೆ ಮೂಸಿ ನೋಡಿ ನನ್ನ ಮೂಗಿಗೂ ಹಿಡಿದಳು. ಇನ್ನೂ ಇತ್ತು.